ಬಡಿದು ಕೂರಿಸಬೇಡಿ, ಒತ್ತಿ ಕೂರಿಸಿ

(ಟ್ರ್ಯಾಕ್ಟರಿನ ಮುಂದಿನ ಅಚ್ಚಿಗೆ ಹೊಸ ಬುಷ್ ಹಾಗೂ ಹೊಸ ಕೀಲು ಹಾಕುವುದನ್ನು ಕುರಿತು ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)

ರೈತ ಬಾಂಧವರೇ,

ಬೀಜ ಗೊಬ್ಬರಗಳ ಮಾತನ್ನಾಡುವ ನಾನು ಈ ದಿನ ಕಬ್ಬಿಣದ ಮಾತನ್ನಾಡಲು ನಿಂತಿದ್ದೇನೆ. ಅದಕ್ಕೆ ಕಾರಣವುಂಟು. ಕಳೆದ ಕಬ್ಬಿನ ಕಟಾವಿನಲ್ಲಿ, ನಾಲೆಯ ಏರಿಯ ಮೇಲೆ ಕಬ್ಬು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರೊಂದರ ಮುಂದಿನ ಚಕ್ರಗಳು ಇದ್ದಕ್ಕಿದ್ದಂತೆ ಒಂದೊಂದು ದಿಕ್ಕಿಗೆ ತಿರುಗಿಬಿಟ್ಟವು. ನಿಧಾನವಾಗಿ ಬರುತ್ತಿದ್ದುದರಿಂದ ಏರಿಯ ಅಂಚಿನಲ್ಲೇ ನಿಂತಿತು. ಇನ್ನೆರಡು ಮಾರು ಹೋಗಿದ್ದರೆ ನೀರು. ಇಳಿದು ನೋಡಲಾಗಿ, ಎರಡು ಚಕ್ರಗಳನ್ನೂ ಕೂಡಿಸುವ ಟೈರಾಡಿನ ತುದಿಯ ಗುಂಡು ಕೀಲು ಕಳಚಿಬಿದ್ದಿತ್ತು. ವಾರದ ಹಿಂದೆ ಮನೆಯಲ್ಲಿಯೇ ಹೊಸ ಕೀಲು ಹಾಕಿದ್ದರು; ನಟ್ಟಿಗೆ ಪಿನ್ನು ಹಾಕುವುದನ್ನು ಮರೆತಿದ್ದರು.

ಕಡಾಣಿ ನೋಡದೆ ನಮ್ಮ ಹಿರಿಯರು ಗಾಡಿ ಕಟ್ಟುತ್ತಿದ್ದರೇ? ಕೀಲೆಣ್ಣೆ ಹಾಕದೆ ಸಂತೆಗೆ ಹೊರಡುತ್ತಿದ್ದರೇ? ಗಾಡಿಯ ಅಚ್ಚಿಗೆ ಅವರು ತೋರಿದ ಎಚ್ಚರವನ್ನು ನಾವು ಟ್ರ್ಯಾಕ್ಟರಿನ ಅಚ್ಚಿಗೂ ತೋರಬೇಕು. ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗದ ಸಾಧಾರಣ ಟ್ರ್ಯಾಕ್ಟರಿನ ಮಾತನ್ನಷ್ಟೇ ನಾನಿಲ್ಲಿ ಹೇಳುತ್ತೇನೆ.

ಅದರ ಮುಂದಿನ ಅಚ್ಚಿನ ಎರಡು ತುದಿಗಳಲ್ಲಿ ನೆಟ್ಟಗೆ ನಿಂತ ಕೊಳವೆಗಳಿವೆ. ಚಕ್ರವನ್ನು ಹೊತ್ತ ಗೂಟ ಈ ಕೊಳವೆಯೊಳಗೆ ತಿರುಗುತ್ತದೆ. ಗೂಟಕ್ಕೂ ಕೊಳವೆಗೂ ನಡುವೆ, ಮೇಲೊಂದು ಕೆಳಗೊಂದು ಬುಷ್ ಇರುತ್ತದೆ. ಸವೆಯುವುದು ಬುಷ್ ಆಗಬೇಕು, ಅಚ್ಚು ಉಳಿಯಬೇಕು. ಅದಕ್ಕಾಗಿಯೇ ಬುಷ್ ಇರುವುದು. ಕೆಸರುಗದ್ದೆಯ ಉಳುಮೆಯಲ್ಲಿ ಮಣ್ಣುನೀರು ಒಳನುಗ್ಗಿ ಇದು ಬೇಗ ಸವೆಯುತ್ತದೆ.

ಸವೆದಿದೆಯೇ ಎಂದು ತಿಳಿಯುವ ಬಗೆ ಸುಲಭ. ಚಕ್ರವನ್ನು ನೆಲದಿಂದ ಎತ್ತಿ ಭದ್ರಪಡಿಸಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ. ಗೂಟವೇ ಕೊಳವೆಯಲ್ಲಿ ಆಡಿದರೆ ಬುಷ್ ಸವೆದಿದೆ. ಗೂಟ ಆಡದೆ ಚಕ್ರ ಮಾತ್ರ ಆಡಿದರೆ ಚಕ್ರದ ಬೇರಿಂಗ್ ನೋಡಬೇಕು. ಎಡಕ್ಕೂ ಬಲಕ್ಕೂ ಅಲುಗಿಸಿದಾಗ ಟೈರಾಡಿನ ತುದಿಯಲ್ಲಿ ಸಡಿಲ ಕಂಡರೆ ಗುಂಡು ಕೀಲು ಹೋಗಿದೆ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಪ್ರಾಣರಕ್ಷಣೆ. ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಟ್ರೇಲರ್ ಬಿಚ್ಚಿ, ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಅಡೆಗಟ್ಟೆ ಕೊಡಿ. ಅಚ್ಚು ನಡುವಿನ ಕೀಲಿನ ಮೇಲೆ ತೊಟ್ಟಿಲಂತೆ ತೂಗುವುದರಿಂದ, ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವೆ ಎರಡು ಕಡೆಯೂ ಮರದ ಬೆಣೆ ಬಿಗಿಯಿರಿ. ಜಾಕಿನಿಂದ ಎತ್ತಿದ ಮೇಲೆ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಕೊಡತಕ್ಕದ್ದು. ಜಾಕು ಎತ್ತುವುದಕ್ಕೆ ಮಾತ್ರ. ಇಟ್ಟಿಗೆ, ಕಲ್ಲು ಇಡಬೇಡಿ, ಭಾರಕ್ಕೆ ಒಡೆದುಹೋಗುತ್ತವೆ.

ಚಕ್ರ ತೆಗೆದು, ಕೀಲಿನ ಪಿನ್ನನ್ನೂ ನಟ್ಟನ್ನೂ ಬಿಚ್ಚಿ. ಕೀಲು ಬರದಿದ್ದರೆ ಅದರ ಮರೆಯ ತುದಿಗೆ ಬಡಿಯಬೇಡಿ. ಕೀಲು ಕುಳಿತ ಕಣ್ಣಿನ ಒಂದು ಮಗ್ಗುಲಿಗೆ ಭಾರದ ಸುತ್ತಿಗೆಯನ್ನು ಆನಿಸಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದರಿಂದ ಎರಡೇಟು ಕೊಟ್ಟರೆ ತಾನಾಗಿ ಬಿಡುತ್ತದೆ. ಗೂಟಕ್ಕೂ ಅದರ ಮೇಲಿನ ತೋಳಿಗೂ ಗುರುತು ಹಾಕಿಕೊಂಡು ತೋಳನ್ನು ಕಳಚಿ. ಗೂಟ ಭಾರವಾದದ್ದು, ಕೆಳಗಿಳಿಯುವಾಗ ಇನ್ನೊಬ್ಬರು ಹಿಡಿದಿರಲಿ. ಬೇರಿಂಗ್, ವಾಷರುಗಳು ಬಂದ ಕ್ರಮದಲ್ಲಿಯೇ ಗೋಣಿಚೀಲದ ಮೇಲೆ ಜೋಡಿಸಿಡಿ. ಗೂಟವನ್ನು ಡೀಸೆಲಿನಲ್ಲಿ ತೊಳೆದು ಉಗುರಾಡಿಸಿ ನೋಡಿ. ಉಗುರಿಗೆ ಗೀರು ತಗುಲಿದರೆ ಹೊಸ ಬುಷ್ ಹಾಕಿ ಫಲವಿಲ್ಲ. ಗೂಟವನ್ನು ಲೇತ್ ಅಂಗಡಿಯಲ್ಲಿ ತೋರಿಸಿ.

ಹೊಸ ಬುಷ್ಷನ್ನು ಬಾಯಿಗಿಟ್ಟು ಸುತ್ತಿಗೆಯಿಂದ ಬಡಿಯುವುದನ್ನು ಅನೇಕರ ಮನೆಯಲ್ಲಿ ಕಂಡಿದ್ದೇನೆ. ಬಡಿದರೆ ಬುಷ್ ಓರೆಯಾಗುತ್ತದೆ, ಅದರ ಬಾಯಿ ಅರಳುತ್ತದೆ, ಕೊಳವೆಯ ಒಳಮೈ ಗೀರಿಹೋಗುತ್ತದೆ. ಬುಷ್ ಹಾಳಾದರೆ ಇನ್ನೊಂದು ಬುಷ್ ತರಬಹುದು. ಕೊಳವೆ ಹಾಳಾದರೆ ಅಚ್ಚಿನ ಬೆಲೆ ತೆರಬೇಕು.

ಒತ್ತಿ ಕೂರಿಸಲು ದೊಡ್ಡ ಯಂತ್ರ ಬೇಡ. ಕೊಳವೆಗಿಂತ ಉದ್ದವಾದ, ಪೂರ್ತಿ ಮರೆಯಿರುವ ಗಟ್ಟಿ ಬೋಲ್ಟು, ನಟ್ಟು, ದಪ್ಪ ವಾಷರುಗಳು, ಬುಷ್ ಒಳಹೋಗುವಷ್ಟು ಅಗಲದ ಪೈಪಿನ ತುಂಡು ಇದ್ದರೆ ಸಾಕು. ಹಳೆಯ ಬುಷ್ಷಿನ ಅಂಚಿಗೆ ವಾಷರ್ ಕೊಟ್ಟು, ಎದುರು ಬದಿಯಲ್ಲಿ ಪೈಪು ಇಟ್ಟು ನಟ್ಟು ಬಿಗಿಸಿದರೆ ಬುಷ್ ಪೈಪಿನೊಳಕ್ಕೆ ಬರುತ್ತದೆ. ಕೊಳವೆಯನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ. ಬುಷ್ಷಿನ ತೂತು ಗ್ರೀಸ್ ನಿಪ್ಪಲಿನ ತೂತಿಗೆ ಸರಿಯಾಗಿ ಬರುವಂತೆ ಸೀಮೆಸುಣ್ಣದಿಂದ ಗುರುತು ಹಾಕಿ. ಈ ತೂತು ತಪ್ಪಿದರೆ ಮುಂದೆ ಎಷ್ಟು ಗ್ರೀಸ್ ಹೊಡೆದರೂ ಒಳಗೆ ಹೋಗದು. ಮನೆಯಲ್ಲಿ ಫ್ರಿಜ್ಜು ಇದ್ದರೆ, ಬುಷ್ಷನ್ನು ರಾತ್ರಿ ಅದರ ಐಸ್ ಪೆಟ್ಟಿಗೆಯಲ್ಲಿಡಿ. ತುಸು ಕುಗ್ಗಿ ಸಲೀಸಾಗಿ ಹೋಗುತ್ತದೆ. ಬಳಿಕ ಬೋಲ್ಟಿನ ಎರಡು ಕಡೆ ವಾಷರ್ ಕೊಟ್ಟು ನಟ್ಟನ್ನು ಮೆಲ್ಲಗೆ ತಿರುಗಿಸುತ್ತ ಒಳಗೆಳೆಯಿರಿ. ಮೊದಲ ಸುತ್ತಿನಲ್ಲೇ ಸುತ್ತಲೂ ನೋಡಿ. ಓರೆ ಕಂಡರೆ ಹಿಂದಕ್ಕೆ ತೆಗೆದು ಮತ್ತೆ ಹೂಡಿ, ಬಲ ಹಾಕಬೇಡಿ.

ಗೂಟ ಕೈಯಿಂದಲೇ ಒಳಹೋಗಿ, ಅಲುಗದೆ, ಸಲೀಸಾಗಿ ತಿರುಗಬೇಕು. ಬಿಗಿಯಾದರೆ ಮರಳು ಕಾಗದದಿಂದ ಉಜ್ಜುವುದು ತರವಲ್ಲ. ಲೇತ್ ಅಂಗಡಿಯಲ್ಲಿ ರೀಮರ್ ಹಾಕಿಸಿ.

ಗುಂಡು ಕೀಲನ್ನು ಟೈರಾಡಿನಿಂದ ಬಿಚ್ಚುವಾಗ ಎಷ್ಟು ಸುತ್ತಿಗೆ ಬಂತೆಂದು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ಕೀಲಿನ ಇಳಿಜಾರು ಭಾಗಕ್ಕೆ ಎಣ್ಣೆ ಸೋಕಿಸದೆ ಒಣಗಿದ್ದಂತೆಯೇ ಕೂರಿಸಿ. ನಟ್ಟು ಬಿಗಿದ ಮೇಲೆ ಪಿನ್ನಿನ ತೂತು ಹೊಂದದಿದ್ದರೆ ಇನ್ನೂ ಸ್ವಲ್ಪ ಬಿಗಿಸಿ ಹೊಂದಿಸಬೇಕೇ ಹೊರತು ಸಡಿಲಿಸಬಾರದು. ಪಿನ್ನು ಹೊಸದಾಗಿರಲಿ. ಮೊಳೆ, ತಂತಿ ಸಲ್ಲದು. ಕೊನೆಗೆ ಚಕ್ರಗಳ ನಡುವಿನ ಅಂತರವನ್ನು ಮುಂದೂ ಹಿಂದೂ ಅಳೆದು, ಟ್ರ್ಯಾಕ್ಟರಿನ ಪುಸ್ತಕದಲ್ಲಿ ಹೇಳಿದಂತೆ ಹೊಂದಿಸಿ.

ಬಾಗಿದ ಅಚ್ಚನ್ನು ನೆಟ್ಟಗೆ ಮಾಡುವುದು, ಸ್ಟೀರಿಂಗಿನ ಭಾಗಗಳಿಗೆ ಬೆಸುಗೆ ಹಾಕುವುದು ಮನೆಯ ಕೆಲಸವಲ್ಲ. ಪಿಕಪ್ ಗಾಡಿಯ ಗುಂಡು ಕೀಲುಗಳಿಗೂ ಕೈಹಾಕಬೇಡಿ. ಅಲ್ಲಿ ಅದುಮಿ ನಿಂತ ಸ್ಪ್ರಿಂಗು ಸಿಡಿದರೆ ಪ್ರಾಣಕ್ಕೆ ಸಂಚಕಾರ.

ಕೆಸರಿನಲ್ಲಿ ದುಡಿದ ದಿನ ಸಂಜೆ, ಹೊಸ ಗ್ರೀಸ್ ಹೊರಗೆ ಇಣುಕುವವರೆಗೂ ಗ್ರೀಸ್ ಹೊಡೆಯಿರಿ. ಒಳಗಿನ ಮಣ್ಣುನೀರು ಅದರೊಡನೆ ಹೊರಬೀಳುತ್ತದೆ.

ಬಾಂಧವರೇ, ನಾಳೆ ಬೆಳಗ್ಗೆ ಟ್ರ್ಯಾಕ್ಟರ್ ಹೊರಡಿಸುವ ಮೊದಲು ಒಮ್ಮೆ ಬಗ್ಗಿ ನೋಡಿ. ನಾಲ್ಕು ಕೀಲಿದ್ದರೆ ನಾಲ್ಕಕ್ಕೂ ಪಿನ್ನು ಇದೆಯೇ? ಇಲ್ಲವಾದರೆ ಅದನ್ನು ಹಾಕಿದ ಮೇಲೆಯೇ ಏರಿ ಹತ್ತಿ.