ಕುಚ್ಚುಮೀನಿನ ಕಾವಲು



ಮಳೆಗಾಲದಲ್ಲಿ ಕೆರೆಯಂಚಿನ ಜೊಂಡಿನ ನಡುವೆ ಕೆಂಪು ಮರಿಗಳ ಹಿಂಡೊಂದು ನೀರಿನ ಮೇಲ್ಮೈಯಲ್ಲಿ ಕುದಿಯುವಂತೆ ತೋರುವುದನ್ನು ತಾವೆಲ್ಲ ಕಂಡಿರಬಹುದು. ಅದು ಕುಚ್ಚುಮೀನಿನ ಸಂಸಾರ. ಕೊರವ, ಅವಲು ಎಂಬ ಹೆಸರುಗಳಿಂದಲೂ ಕರೆಯಲ್ಪಡುವ ಈ ಬಳಗದ ಮೀನುಗಳೆಲ್ಲವೂ ಚನ್ನಾ ಎಂಬ ಕುಲಕ್ಕೆ ಸೇರಿದವು. ತಲೆ ಹಾವಿನದರಂತೆ ಚಪ್ಪಟೆ. ಬಾಯಿ ಅಗಲ, ಹಲ್ಲು ಚೂಪು. ಬೇಟೆಯನ್ನು ಬೆನ್ನಟ್ಟುವುದಕ್ಕಿಂತ ಹೊಂಚು ಹಾಕುವುದೇ ಇವುಗಳ ಕ್ರಮ. ಕಳೆಯ ಮರೆಯಲ್ಲಿ ಅಲುಗದೆ ನಿಂತು, ಹತ್ತಿರ ಬಂದ ಕಪ್ಪೆ, ಕೀಟ, ಸಣ್ಣ ಮೀನುಗಳನ್ನು ಒಮ್ಮೆಗೇ ನುಂಗುತ್ತವೆ. ಹಸಿದಾಗ ತಮ್ಮದೇ ಜಾತಿಯ ಮರಿಗಳನ್ನೂ ಬಿಡುವುದಿಲ್ಲ.

ಇವುಗಳ ಉಸಿರಾಟ ಇನ್ನೂ ವಿಚಿತ್ರ. ಕಿವಿರಿನ ಮೇಲ್ಭಾಗದಲ್ಲಿ ರಕ್ತನಾಳಗಳಿಂದ ತುಂಬಿದ ಒಂದು ಕೋಣೆಯಿದೆ. ಮೀನು ಆಗಾಗ ಮೇಲೆ ಬಂದು ಗಾಳಿಯನ್ನು ನುಂಗಿ ಅಲ್ಲಿ ತುಂಬಿಕೊಳ್ಳುತ್ತದೆ. ಮೇಲೆ ಬರಲು ಬಿಡದಿದ್ದರೆ ಮೀನಾಗಿದ್ದೂ ನೀರಿನಲ್ಲಿ ಉಸಿರುಕಟ್ಟಿ ಸಾಯುತ್ತದೆ! ಬೇಸಿಗೆಯಲ್ಲಿ ಕೆರೆ ಬತ್ತಿದರೆ ಹಸಿ ಕೆಸರಿನೊಳಗೆ ಹುದುಗಿ ಬದುಕುಳಿಯುವುದೂ, ಮಳೆಯ ರಾತ್ರಿ ಒದ್ದೆ ನೆಲದ ಮೇಲೆ ತೆವಳಿ ಮತ್ತೊಂದು ನೀರಿಗೆ ಸೇರುವುದೂ ಈ ಶಕ್ತಿಯಿಂದಲೇ.

ಇಂತಹ ಗಟ್ಟಿಜೀವಿಗೆ ಸಂತಾನದ ಕಾಲವೇ ಅಪಾಯದ ಕಾಲ. ಜೊಂಡನ್ನು ಸರಿಸಿ ಮಾಡಿದ ತೆರವಿನಲ್ಲಿ ತೇಲುವ ಮೊಟ್ಟೆಗಳನ್ನು ಇಟ್ಟು, ತಂದೆ, ಕೆಲವೊಮ್ಮೆ ತಂದೆತಾಯಿಗಳೆರಡೂ, ಮರಿಗಳ ಕೆಳಗೆ ಕಾವಲು ನಿಲ್ಲುತ್ತವೆ. ತೊರೆಗಳಲ್ಲಿರುವ ಚಿಕ್ಕ ಜಾತಿಯೊಂದರಲ್ಲಿ, ಅಂದರೆ ಚನ್ನಾ ಗಚುವಾದಲ್ಲಿ, ಗಂಡು ಮೊಟ್ಟೆಗಳನ್ನು ಬಾಯಿಯಲ್ಲಿಯೇ ಇಟ್ಟುಕೊಂಡು ಕಾಪಾಡುತ್ತದೆ. ಬೇಟೆಗಾರನ ಬಾಯಿಯೇ ತೊಟ್ಟಿಲಾಗುವ ಈ ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಮರಿಗಳೂ ಗಾಳಿಗಾಗಿ ಮೇಲೆ ಬರುವುದರಿಂದ ಹಿಂಡು ಇರುವ ಜಾಗ ದಡದಲ್ಲಿ ನಿಂತವರಿಗೆ ಗೊತ್ತಾಗಿಬಿಡುತ್ತದೆ. ಹಿಂಡಿನ ಮೇಲೆ ಗಾಳ ಎಳೆದರೆ ಕಾವಲಿನ ಮೀನು ಹಸಿವಿಲ್ಲದಿದ್ದರೂ ಸಿಟ್ಟಿನಿಂದ ಎರಗಿ ಸಿಕ್ಕಿಬೀಳುತ್ತದೆ. ಇದನ್ನು ಜಾಣತನವೆನ್ನುವವರಿದ್ದಾರೆ, ಆದರೆ ಕಾವಲಿಲ್ಲದ ಮರಿಗಳು ಇತರ ಮೀನುಗಳ ಬಾಯಿಗೆ ಬೀಳುತ್ತವೆ. ಸಿಡಿಮದ್ದು, ವಿಷಗಳಿಂದ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ದಡದಲ್ಲಿ ಗಾಳ ಹಿಡಿದು ಕುಳಿತವನು ಮಾತ್ರ ಕೆಂಪು ಹಿಂಡನ್ನು ಕಂಡಾಗ ತಾನೇ ಕೈ ತಡೆಯಬೇಕು. ಮರಿಗಳು ಬೆಳೆದು ಅವುಗಳ ಕೆಂಪು ಮಾಸಿ, ಹಿಂಡು ಚದುರುವವರೆಗೆ ಆ ಮೂಲೆಯನ್ನು ಬಿಟ್ಟು ಬೇರೆಡೆ ಗಾಳ ಹಾಕಿದರಾಯಿತು.