ವಿಮೆಯ ಕಾಗದವನ್ನು ಓದುವ ಬಗೆ
(ಸಂಘದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನಾಡಹಬ್ಬದ ದಿನಗಳಲ್ಲಿ ನುಡಿ, ನಾಡು, ಕಲೆಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಅದನ್ನು ಬಿಟ್ಟು ಆಸ್ಪತ್ರೆಯ ಬಿಲ್ಲಿನ ಮಾತೆತ್ತುವುದು ರಸಾಭಾಸವೆಂದು ಕೆಲವರಿಗೆ ತೋರಬಹುದು. ಆದರೆ ಊರು ಬಿಟ್ಟು ಈ ಮುಂಬಯಿಯಲ್ಲಿ ನೆಲೆಸಿದ ನಮಗೆ, ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ಓಡಿಬರಲು ಚಿಕ್ಕಪ್ಪ ದೊಡ್ಡಪ್ಪಂದಿರು ಹತ್ತಿರದಲ್ಲಿಲ್ಲ. ಆ ಹೊತ್ತಿಗೆ ಕೈಯಲ್ಲಿರುವುದು ವಿಮೆಯ ಕಾಗದವೊಂದೇ. ಅದನ್ನು ನಮ್ಮಲ್ಲಿ ಹೆಚ್ಚಿನವರು ಓದಿರುವುದಿಲ್ಲ. ನಾವೂ ಓದಿರಲಿಲ್ಲ, ಅದಕ್ಕೆ ತೆತ್ತ ಬೆಲೆಯನ್ನೇ ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಕೆಳಗೆ ನಮ್ಮ ತೀರ್ಥರೂಪರು ಧಾರವಾಡದಿಂದ ಬಂದಿದ್ದಾಗ ಎದೆನೋವು ಕಾಣಿಸಿ ಆಸ್ಪತ್ರೆ ಸೇರಿದರು. ಮೂರು ಲಕ್ಷ ರೂಪಾಯಿಯ ಪಾಲಿಸಿ ಇತ್ತು. ವಯಸ್ಸಾದವರು, ಗದ್ದಲ ಬೇಡವೆಂದು ದಿನಕ್ಕೆ ೬,೦೦೦ ರೂಪಾಯಿಯ ಪ್ರತ್ಯೇಕ ಕೋಣೆ ಹಿಡಿದೆವು. ಪಾಲಿಸಿಯಲ್ಲಿ ಬಾಡಿಗೆಗೆ ವಿಮಾ ಮೊತ್ತದ ನೂರಕ್ಕೊಂದು ಪಾಲು, ಅಂದರೆ ೩,೦೦೦ ರೂಪಾಯಿಯ ಮಿತಿ. ಮಿಕ್ಕದ್ದನ್ನು ಕೈಯಿಂದ ಕೊಟ್ಟರಾಯಿತು ಎಂದುಕೊಂಡೆವು. ಲೆಕ್ಕ ಹಾಗಲ್ಲವಂತೆ! ಮಿತಿ ಮೀರಿದ ಕೋಣೆ ಹಿಡಿದರೆ ವೈದ್ಯರ ಶುಲ್ಕ, ಶಸ್ತ್ರಕ್ರಿಯೆಯ ಕೊಠಡಿ, ದಾದಿಯರ ಶುಶ್ರೂಷೆ ಇವುಗಳನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಬಾಡಿಗೆ ಮಿತಿಯ ಇಮ್ಮಡಿಯಾಗಿತ್ತಾದ್ದರಿಂದ ಆ ಬಾಬುಗಳಲ್ಲಿ ಅರ್ಧ ಹೋಯಿತು. ಐದು ದಿನದ ಬಾಡಿಗೆಯ ಹೆಚ್ಚಳ ೧೫,೦೦೦. ಉಳಿದ ೮೦,೦೦೦ ರೂಪಾಯಿಯ ಬಾಬಿನಲ್ಲಿ ೪೦,೦೦೦. ತಂದೆಯವರು ಮನೆಗೆ ಬಂದ ಮೇಲೆ ಮೊದಲು ಕೇಳಿದ್ದು, "ನನ್ನಿಂದ ನಿನಗೆಷ್ಟು ಖರ್ಚಾಯಿತು?" ಎಂದು. ಐವತ್ತೈದು ಸಾವಿರವೆಂದು ಹೇಳಲು ನಮಗೆ ಬಾಯಿ ಬರಲಿಲ್ಲ.

ಆಮೇಲೆ ತಿಳಿದುದನ್ನು ಕೇಳಿ. ೨೦೨೦ರಲ್ಲಿ ಬಂದ ನಿಯಮದಂತೆ ಔಷಧಿ, ಶರೀರದೊಳಗಿಡುವ ಉಪಕರಣ, ರಕ್ತಪರೀಕ್ಷೆ ಮುಂತಾದ ತಪಾಸಣೆಗಳಿಗೂ ತೀವ್ರ ನಿಗಾ ಘಟಕದ ವೆಚ್ಚಕ್ಕೂ ಈ ಕಡಿತ ತಗಲಕೂಡದು. ಕೋಣೆ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಲ್ಲಿಯೂ ಕೂಡದು. ಕಡಿತದ ಪಟ್ಟಿಯನ್ನು ಬರಹದಲ್ಲಿ ಕೇಳಿ ತೆಗೆದುಕೊಂಡು ಬಾಬು ಬಾಬಾಗಿ ನೋಡಬೇಕು. ಹೊಸದಾಗಿ ಪಾಲಿಸಿ ಕೊಳ್ಳುವವರು ಬಾಡಿಗೆಯ ಮಿತಿಯೇ ಇಲ್ಲದ್ದನ್ನು ಹುಡುಕುವುದು ಲೇಸು. ಕಂತು ತುಸು ಹೆಚ್ಚಾದರೂ ಚಿಂತೆಯಿಲ್ಲ. ವ್ಯಕ್ತಿಗಳೂ ಕುಟುಂಬಗಳೂ ಕೊಳ್ಳುವ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿ ೨೦೨೫ರ ಸೆಪ್ಟೆಂಬರ್ ೨೨ರಿಂದ ಇಲ್ಲವಾಗಿದೆ.

ಎರಡನೆಯ ಪೆಟ್ಟು ನಮ್ಮ ಬಾಯಿಂದಲೇ ಬಿದ್ದದ್ದು. ಆಸ್ಪತ್ರೆ ಸೇರಿದ ರಾತ್ರಿ ಎಳೆಯ ವೈದ್ಯರೊಬ್ಬರು "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?" ಎಂದು ಕೇಳಿದರು. ಜೊತೆಗಿದ್ದ ನೆಂಟರೊಬ್ಬರು ಗಾಬರಿಯಲ್ಲಿ "ಏಳೆಂಟು ವರ್ಷ ಆಗಿರಬೇಕು" ಎಂದುಬಿಟ್ಟರು. ನಿಜದಲ್ಲಿ ಎರಡು ವರ್ಷ. ಪಾಲಿಸಿ ನಾಲ್ಕು ವರ್ಷದ್ದು. ಆ ಮಾತು ಕೇಸ್ ಪೇಪರಿನಲ್ಲಿ ಇಳಿಯಿತು. ಕೊಳ್ಳುವಾಗ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರೆಂದು ಕಂಪನಿಯವರು ಹಣ ತಡೆದರು. ಧಾರವಾಡದ ಮನೆವೈದ್ಯರ ಪತ್ರ, ಹಳೆಯ ರಕ್ತಪರೀಕ್ಷೆಯ ಚೀಟಿ ಎಲ್ಲ ತರಿಸಿ ಅದನ್ನು ತಿದ್ದಿಸಲು ಎರಡು ತಿಂಗಳು ಹಿಡಿಯಿತು. ಆದುದರಿಂದ ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲವೆಂದೇ ಹೇಳಿ. ಬಿಡುಗಡೆಯ ಸಾರಾಂಶಪತ್ರವನ್ನು ಓದಿಯೇ ಆಸ್ಪತ್ರೆ ಬಿಡಿ. ಇನ್ನು "ಬಿಪಿ ಗಿಪಿ ಬರೆಯಬೇಡಿ ಸಾರ್" ಎನ್ನುವ ಏಜೆಂಟರ ಮಾತನ್ನಂತೂ ಕೇಳಲೇಬೇಡಿ. ಹಣ ಬೇಕಾದ ದಿನ ಅವರು ನಮ್ಮ ಪಕ್ಕದಲ್ಲಿರುವುದಿಲ್ಲ.

ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ ಹಿಂದೆ ೪೮ ತಿಂಗಳಿತ್ತು. ೨೦೨೪ರಲ್ಲಿ ೩೬ಕ್ಕೆ ಇಳಿಯಿತು. ಎಡೆಬಿಡದೆ ೬೦ ತಿಂಗಳು ಪಾಲಿಸಿ ನಡೆದಿದ್ದರೆ, ವಂಚನೆ ರುಜುವಾತಾದ ಹೊರತು, ಮುಚ್ಚಿಟ್ಟಿರೆಂಬ ನೆಪದಿಂದ ಹಣ ನಿರಾಕರಿಸುವಂತಿಲ್ಲ. ಇದೆಲ್ಲ ಎಡೆಬಿಡದೆ ನಡೆಸಿದವರಿಗೆ ಮಾತ್ರ. ವಾರ್ಷಿಕ ಕಂತಿಗೆ ೩೦ ದಿನಗಳ ರಿಯಾಯಿತಿಯುಂಟು. ಆದರೆ ಆ ನಡುವೆ ಬಂದ ಕಾಯಿಲೆಗೆ ಹಣ ಸಿಕ್ಕೀತೆಂದು ನಂಬಿ ಕೂಡಬಾರದು.

ಹೊರನಾಡಿನವರಿಗೆಂದೇ ಇರುವ ತೊಡಕುಗಳು ಬೇರೆ. ನಮ್ಮ ಹೆಸರುಗಳನ್ನೇ ನೋಡಿ. ಮೈಸೂರು ಕಡೆಯವರಿಗೆ ಎರಡು ಇನಿಷಿಯಲ್ಲು, ಅಡ್ಡಹೆಸರಿಲ್ಲ. ಇಲ್ಲಿಯ ಗುಮಾಸ್ತರು ತಂದೆಯ ಹೆಸರನ್ನು ನಡುವೆ ತುರುಕಿ ಊರ ಹೆಸರನ್ನು ಕೊನೆಗೆ ಅಂಟಿಸುತ್ತಾರೆ. ಆಧಾರದಲ್ಲೊಂದು, ಪಾಲಿಸಿಯಲ್ಲೊಂದು, ಬ್ಯಾಂಕಿನಲ್ಲಿ ಮತ್ತೊಂದು! ಕಾಯಿಲೆ ಬರುವ ಮೊದಲೇ ಮೂರನ್ನೂ ಒಂದು ಮಾಡಿಸಿ. ವಿಳಾಸವೂ ಹಾಗೆಯೇ. ಕೆಲವು ಪಾಲಿಸಿಗಳಲ್ಲಿ ಊರಿಗೆ ತಕ್ಕ ಕಂತು. ಹುಬ್ಬಳ್ಳಿಯ ವಿಳಾಸ ಕೊಟ್ಟು ಕಡಿಮೆ ಕಂತು ಕಟ್ಟಿ ಮುಂಬಯಿಯಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಮ್ಮ ತಲೆಗೇ ಬರುತ್ತದೆ. ತಂದೆತಾಯಿಗಳು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವ ಮನೆಗಳು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ನೌಕರಿಯ ಕಡೆಯಿಂದ ಬರುವ ವಿಮೆ ನೌಕರಿಯೊಡನೆ ಹೋಗುತ್ತದೆ. ನಿವೃತ್ತಿಯ ಮೊದಲೇ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಿಸಿಕೊಡಿರೆಂದು ಕೇಳಿದರೆ, ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ೭೦ ತುಂಬಿದ ಹಿರಿಯರಿಗೆ ಆದಾಯ ನೋಡದೆ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತದ ವಿಸ್ತರಣೆ ೨೦೨೪ರ ಅಕ್ಟೋಬರಿನಲ್ಲಿ ಬಂತು. ಖಾಸಗಿ ಪಾಲಿಸಿಯಿದ್ದರೂ ಅಡ್ಡಿಯಿಲ್ಲ. ಕಾರ್ಡು ಮಾಡಿಸಿಕೊಳ್ಳಿ.

ನಗದಿಲ್ಲದ ಚಿಕಿತ್ಸೆಗೆ ಒಂದು ಗಂಟೆಯೊಳಗೆ ಉತ್ತರ, ಬಿಡುಗಡೆಯ ದಿನ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ೨೦೨೪ರ ಮೇ ತಿಂಗಳಲ್ಲಿ ವಿಧಿಸಿದೆ. ಸಂಜೆಯವರೆಗೆ ಕೂಡಿಸಿದರೆ ಈ ಮಾತನ್ನು ಮೆಲ್ಲಗೆ ನೆನಪಿಸಿ.

ಹಣ ನಿರಾಕರಿಸಿದರೆ ಮೊದಲು ಕಂಪನಿಗೇ ದೂರು ಬರೆಯಬೇಕು. ಒಂದು ತಿಂಗಳಲ್ಲಿ ಪರಿಹಾರ ಕಾಣದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ವಿಮಾ ಒಂಬುಡ್ಸ್‌ಮನ್ನರ ಕಚೇರಿಯುಂಟು. ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿಯೂ ಇದೆ. ಶುಲ್ಕವಿಲ್ಲ, ವಕೀಲರ ಗೊಡವೆಯಿಲ್ಲ. ಒಂದು ವರ್ಷದೊಳಗೆ ಹೋಗಬೇಕು, ಅಷ್ಟೆ. ನಮ್ಮ ಕಾಗದಗಳನ್ನು ಹೊಂದಿಸುವಾಗ ಇದೇ ಸಂಘದ ಹಿರಿಯರೊಬ್ಬರು ಮೂರು ಸಂಜೆ ನಮ್ಮೊಡನೆ ಕೂತಿದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ವಾಚನಾಲಯದ ಮೇಜಿನ ಬಳಿ ನಾವೂ ಕೂಡುತ್ತೇವೆ. ಪಾಲಿಸಿಯನ್ನೂ ಕನ್ನಡಕವನ್ನೂ ತನ್ನಿ. ಸಣ್ಣ ಅಕ್ಷರ, ಇಬ್ಬರು ಸೇರಿ ಓದುವುದು ಸುಲಭ.