ಸ್ಥಾವರದ ಹೊಣೆ ಜಂಗಮದ್ದು



ಸಕಲೇಶಪುರ, ಆಲೂರು ಸೀಮೆಯವರಾದ ನಿಮಗೆ ಹಾವಸೆ ಹೊಸದಲ್ಲ. ಮಳೆ ಹಿಡಿಯಿತೆಂದರೆ ಹೆಂಚಿನ ಮೇಲೂ ಅಂಗಳದಲ್ಲೂ ಅದೇ. ಆದರೆ ಹಾವಸೆಯಲ್ಲಿ ನೂರಾರು ಜಾತಿಗಳುಂಟು. ಕೆಲವು ಎಲ್ಲೆಡೆ ಬೆಳೆಯುತ್ತವೆ. ಕೆಲವು ಬಿಸಿಲೆಯಂಥ ದಟ್ಟ ಕಾಡಿನಲ್ಲಿ, ಹಳ್ಳದ ತುಂತುರು ತಾಕುವ ಬಂಡೆಯ ಮೇಲೆ ಮಾತ್ರ ಬದುಕುತ್ತವೆ. ಅಂಥ ವಿರಳವಾದ ಹಾವಸೆಯನ್ನೂ, ಕರಾವಳಿಯವರು ಬೊಂಡಾಸ ಎನ್ನುವ ಕಡಲಿನ ಜೀವಿಯನ್ನೂ ನಾವು ಈ ದಿನ ಒಟ್ಟಿಗೆ ಇಟ್ಟು ನೋಡೋಣ.

ಹಾವಸೆ ಸ್ಥಾವರ. ಅದಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಮೈಯೆಲ್ಲ ಬಾಯಾಗಿ ಮಳೆಯನ್ನೂ ಮಂಜನ್ನೂ ಕುಡಿದು, ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಬೊಂಡಾಸ ಜಂಗಮ. ಅದಕ್ಕೆ 3 ಹೃದಯಗಳು, ನೀಲಿ ರಕ್ತ. ನೀರನ್ನು ಚಿಮ್ಮಿಸಿ ಹಿಮ್ಮುಖವಾಗಿ ಓಡುತ್ತದೆ. ಕ್ಷಣಾರ್ಧದಲ್ಲಿ ಬಣ್ಣ ಬದಲಿಸುತ್ತದೆ. ಶತ್ರು ಬಂದರೆ ಮಸಿ ಕಾರಿ ಮರೆಯಾಗುತ್ತದೆ. ಅದರ ಆಯುಷ್ಯ ಅಲ್ಪ, ಸಂತತಿ ಅಪಾರ. ಮಂಗಳೂರು, ಮಲ್ಪೆಯ ಬಲೆಗಳಿಗೆ ರಾಶಿರಾಶಿಯಾಗಿ ಬೀಳುತ್ತಿದ್ದರೂ ಅದರ ವಂಶ ನಡೆದಿದೆ.

ಹಾವಸೆಗಾದರೋ ಓಡುವ ದಾರಿಯಿಲ್ಲ. ನೆರಳಿತ್ತ ಮರ ಉರುಳಿದರೆ, ಬಂಡೆ ಒಡೆದರೆ, ಹಳ್ಳ ಬತ್ತಿದರೆ, ಇದ್ದಲ್ಲಿಯೇ ಒಣಗಬೇಕು.

ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದರು. ಹಾಗಾದರೆ ಬೊಂಡಾಸ ಹಿರಿದು, ಹಾವಸೆ ಕಿರಿದು ಎನ್ನಬಹುದೆ? ಸಲ್ಲದು. ಜಂಗಮವೆಂದರೆ ಬರಿಯ ಓಡಾಟವಲ್ಲ, ಅರಿವಿನ ಚಲನೆ. ಅರಿವುಳ್ಳವನಿಗೆ ಹಿರಿಮೆಯ ಜೊತೆಗೆ ಹೊಣೆಯೂ ಬರುತ್ತದೆ. ಕಾಲುಳ್ಳವನು ಕಾಲಿಲ್ಲದವನನ್ನು ಕಾಯಬೇಕು.

ಬಿಸಿಲೆಯ ಏಣಿನ ಮೇಲೆ ಬಿದ್ದ ಮಳೆ ಎರಡಾಗುತ್ತದೆ. ಪೂರ್ವಕ್ಕೆ ಹರಿದದ್ದು ಹೇಮಾವತಿಯಾಗಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ. ಪಶ್ಚಿಮಕ್ಕೆ ಇಳಿದದ್ದು ಕುಮಾರಧಾರೆಯಾಗಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಕಡಲಿಗೆ. ಹಾವಸೆ ಹಿಡಿದಿಟ್ಟ ಹನಿಯೇ ಬೊಂಡಾಸದ ಮನೆಯನ್ನು ಸೇರುತ್ತದೆ. ಒಂದನ್ನೊಂದು ಎಂದೂ ಕಾಣದ ಈ ಎರಡು ಜೀವಗಳಿಗೆ ನೀರಿನ ನಂಟಿದೆ.

2018ರಲ್ಲಿಯೂ 2024ರಲ್ಲಿಯೂ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟಿದ್ದನ್ನು ನೀವು ಬಲ್ಲಿರಿ. ಆದ್ದರಿಂದ ನಾವು ಇಷ್ಟನ್ನು ಕೇಳುತ್ತೇವೆ. ನಿಮ್ಮ ಕಾಫಿ ತೋಟದ ಹಳ್ಳದ ದಡದಲ್ಲಿರುವ ಮರಗಳಿಗೆ ಕೊಡಲಿ ಹಾಕಬೇಡಿ. ಹೂಕುಂಡದ ಅಂದಕ್ಕೆಂದು ಬಂಡೆಯ ಹಾವಸೆಯನ್ನು ಕೆರೆಯಬೇಡಿ.

ಇನ್ನೊಂದು ಮಾತು. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮಲೆನಾಡಿನ ಮನೆಯಲ್ಲಿ ಏಳಲಾರದ ತಾಯಿ ಒಬ್ಬಳೇ ಕುಳಿತಿದ್ದಾಳೆ. ಅವಳು ಬರಲಾರಳು, ನೀವು ಹೋಗಬಲ್ಲಿರಿ. ಹಣ ಕಳಿಸಿದರೆ ಸಾಲದು, ಹೋಗಿ ಬಳಿ ಕುಳಿತುಕೊಳ್ಳಿ. ಜಂಗಮತ್ವ ಅಲ್ಲಿದೆ, ದಾಸೋಹವೂ ಅಲ್ಲಿದೆ.

ಸಕಲ ಚರಾಚರಗಳಿಗೂ ಸನ್ಮಂಗಳವಾಗಲಿ.